ಕೇಸ್‌ಗೆ ಏನೂ ಆಗಿರಲಿಲ್ಲ, ಗನ್ ಮುರಿದಿತ್ತು: ವಿಮಾನಕ್ಕೆ ಶಾಟ್‌ಗನ್ ಕೇಸ್ ಆರಿಸಿದ ಒಂದು ಪ್ರಕರಣ

ಈ ಪ್ರಕರಣದಲ್ಲಿ ಇರುವುದು ಇಬ್ಬರು ಶೂಟರ್‌ಗಳು, ಅಕ್ಕ ಮತ್ತು ತಮ್ಮ. ಅಕ್ಕ ಟ್ರ್ಯಾಪ್ ಆಡುತ್ತಾರೆ, ತಮ್ಮ ಸ್ಕೀಟ್. ಎರಡೂ ಗಾಳಿಯಲ್ಲಿ ಹಾರುವ ಬಿಲ್ಲೆಗೆ ಗುರಿಯಿಟ್ಟು ಹೊಡೆಯುವ ಆಟಗಳು. ಇಬ್ಬರದೂ 12 ಬೋರ್ ಓವರ್-ಅಂಡರ್, ಅಂದರೆ ಒಂದರ ಮೇಲೊಂದು ಬ್ಯಾರೆಲ್ ಇರುವ ಶಾಟ್‌ಗನ್. ಅಕ್ಕನ ಗನ್ನಿಗೆ 81 ಸೆಂ.ಮೀ. ಬ್ಯಾರೆಲ್, ತಮ್ಮನದಕ್ಕೆ 76. ಸ್ಪರ್ಧೆಗಳಿಗೆ ವಿಮಾನದಲ್ಲಿ ಹೋಗಿ ಬರುವುದು ಇಬ್ಬರಿಗೂ ಮಾಮೂಲಿ. ನನ್ನದು ಗನ್ ರಿಪೇರಿ ಮತ್ತು ಸ್ಟಾಕ್ ಕೆಲಸ. ಸ್ಟಾಕ್ ಅಂದರೆ ಭುಜಕ್ಕೊತ್ತಿ ಹಿಡಿಯುವ ಮರದ ಭಾಗ. ಇವರ ಗನ್‌ಗಳು ಸರ್ವಿಸ್‌ಗೆ ನನ್ನ ಹತ್ತಿರವೇ ಬರುತ್ತವೆ.

ಒಂದು ಸ್ಪರ್ಧೆಗೆ ಹೋಗಿ ಇಳಿದ ದಿನ ಅಕ್ಕ ಫೋನ್ ಮಾಡಿದರು. "ಸರ್, ಕೇಸ್ ಮೇಲೆ ಒಂದು ಗೀರೂ ಇಲ್ಲ. ಬೀಗ ತೆಗೆದು ನೋಡಿದ್ರೆ ಸ್ಟಾಕ್ ಎರಡು ತುಂಡು." ಆ ಸ್ಪರ್ಧೆಯನ್ನು ಅವರು ಬೇರೆಯವರ ಗನ್ ಪಡೆದು ಆಡಿದರು. ತನಗೆ ಅಂತ ಅಳತೆ ಮಾಡಿಸಿದ ಸ್ಟಾಕ್ ಬಿಟ್ಟು ಬೇರೆಯದರಲ್ಲಿ ಟ್ರ್ಯಾಪ್ ಆಡುವುದು ಎಷ್ಟು ಕಷ್ಟ ಅಂತ ಆಡಿದವರಿಗೆ ಗೊತ್ತು. ಕೆನ್ನೆ ಕೂರುವ ಎತ್ತರ ಕೆಲವು ಮಿಲಿಮೀಟರ್ ಬದಲಾದರೂ ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಬೀಳುವ ಜಾಗ ಬದಲಾಗುತ್ತದೆ.

ವಾಪಸ್ ಬಂದ ಮೇಲೆ ಗನ್ ಜೊತೆ ಕೇಸನ್ನೂ ತರಿಸಿಕೊಂಡೆ. ನನಗೆ ನೋಡಬೇಕಿದ್ದದ್ದು ಅದೇ.

ಅದು ದಪ್ಪ ಅಲ್ಯೂಮಿನಿಯಂ ಹಾಳೆಯ, ಎರಡು ಗನ್ ಹಿಡಿಯುವ ಕೇಸ್. ಗನ್ ಬಿಚ್ಚಿ ಇಡುವ ತರಹದ್ದು. ಹೊರಗಿನಿಂದ ಯಾರು ನೋಡಿದರೂ ಭದ್ರ ಅನ್ನುತ್ತಾರೆ. ಮೂಲೆಗಳಿಗೆ ಉಕ್ಕಿನ ಕವಚ, ಉದ್ದಕ್ಕೂ ಒಂದೇ ಕೀಲು. ಒಳಗೆ ಮಾತ್ರ ಮೊಟ್ಟೆ ಟ್ರೇ ಆಕಾರದ ಮೆತ್ತನೆ ಫೋಮ್, ಮೇಲೊಂದು ಪದರ, ಕೆಳಗೊಂದು ಪದರ. ಗನ್‌ಗೆ ಅಂತ ಕತ್ತರಿಸಿದ ಜಾಗವೇ ಇಲ್ಲ. ಮುಚ್ಚಳ ಮುಚ್ಚಿದಾಗ ಎರಡೂ ಪದರಗಳು ಗನ್ನನ್ನು ಅಮುಕಿ ಹಿಡಿಯುತ್ತವೆ ಅನ್ನುವುದು ಲೆಕ್ಕ. ಹೊಸದರಲ್ಲಿ ಹಿಡಿದಿರಲೂಬಹುದು. ದಿನ ಕಳೆದಂತೆ ಇಂಥ ಫೋಮ್ ಚಪ್ಪಟೆಯಾಗುತ್ತದೆ, ಮತ್ತೆ ಮೇಲೇಳುವುದಿಲ್ಲ.

ಕೇಸಿನ ಒಂದು ತುದಿಯ ಗೋಡೆಯಲ್ಲಿ ಫೋಮ್ ಮೇಲೆ ಇಂಗ್ಲಿಷ್ ಎಂಟರ (8) ಆಕಾರದ ಗುರುತು ಬಿದ್ದಿತ್ತು. ಬೆರಳಿಟ್ಟರೆ ಒಳಗೆ ಲೋಹವೇ ತಾಗುತ್ತಿತ್ತು. ಓವರ್-ಅಂಡರ್ ಗನ್ನಿನ ಮೂತಿ ಎಂಟರ ಆಕಾರದಲ್ಲೇ ಇರುತ್ತದೆ ಅಲ್ವಾ? ಅಂದರೆ ಬ್ಯಾರೆಲ್ ಜಾರಿ ಹೋಗಿ ತುದಿಗೆ ಗುದ್ದಿದೆ, ಫೋಮ್ ಹರಿದು ಅಲ್ಯೂಮಿನಿಯಂ ಮುಟ್ಟಿದೆ. ಅದು ತಮ್ಮನ ಬ್ಯಾರೆಲ್. ಅದರ ಚೋಕ್, ಅಂದರೆ ಚರೆ ಹರಡುವುದನ್ನು ಹಿಡಿತದಲ್ಲಿಡಲು ಮೂತಿಗೆ ತಿರುಗಿಸಿ ಹಾಕುವ ಚಿಕ್ಕ ಕೊಳವೆ, ಮೂತಿಯಿಂದ ಆಚೆ ಚಾಚಿಕೊಂಡಿರುವ ತರಹದ್ದು. ಆ ಚೋಕಿನ ಅಂಚು ಸೊಟ್ಟಗಾಗಿತ್ತು. ಪೆಟ್ಟು ಚೋಕ್ ತಿಂದಿದ್ದರಿಂದ ಬ್ಯಾರೆಲ್ ಉಳಿಯಿತು. ಅಕ್ಕನ ಸ್ಟಾಕ್‌ಗೆ ಆ ಅದೃಷ್ಟ ಇರಲಿಲ್ಲ. ಅದೇ ಬ್ಯಾರೆಲ್ಲಿನ ಇನ್ನೊಂದು ತುದಿ, ದಪ್ಪ ಉಕ್ಕಿನ ಭಾಗ, ಅಕ್ಕನ ಗನ್ನಿನ ಗ್ರಿಪ್ ಮೇಲೆ ಬಡಿದಿತ್ತು. ಒಡೆದ ಮರದ ಪಕ್ಕದಲ್ಲೇ ಉಕ್ಕಿನ ಚೂಪು ಅಂಚು ಕೂತ ಕಚ್ಚು ಸ್ಪಷ್ಟವಾಗಿ ಕಾಣುತ್ತಿತ್ತು.

ಸ್ಟಾಕ್ ಮುರಿಯುವುದು ಹೆಚ್ಚಾಗಿ ಅಲ್ಲೇ. ಕೈ ಹಿಡಿಯುವ ಜಾಗದಲ್ಲಿ ಮರ ಸಪೂರವಾಗಿರುತ್ತದೆ. ಅದರ ನಡುವೆಯೇ ಆಕ್ಷನ್, ಅಂದರೆ ಗುಂಡು ಸಿಡಿಸುವ ಯಂತ್ರಭಾಗದ, ಜೊತೆ ಸ್ಟಾಕ್ ಸೇರಿಸುವ ಉದ್ದನೆ ಬೋಲ್ಟ್‌ಗೆ ತೂತು ಕೊರೆದಿರುತ್ತಾರೆ. ಗ್ರಿಪ್ ಬಾಗಿರುವುದರಿಂದ ಮರದ ಎಳೆಯೂ ಅಲ್ಲಿ ಅಡ್ಡಕ್ಕೆ ಕಡಿದು ಹೋಗಿರುತ್ತದೆ. ಹೀಗೆ ಮೂರು ಕಾರಣ ಒಂದೇ ಜಾಗದಲ್ಲಿ ಸೇರುತ್ತವೆ.

ಓವರ್-ಅಂಡರ್ ಬ್ಯಾರೆಲ್ ಜೋಡಿ ಒಂದೂವರೆ ಕಿಲೋ ಹತ್ತಿರ ತೂಗುತ್ತದೆ. ಕೇಸ್ ಒಂದು ಮೀಟರ್ ಎತ್ತರದಿಂದ ತುದಿಯ ಮೇಲೆ ಬಿತ್ತು ಅಂದುಕೊಳ್ಳಿ. ಒಳಗಿನ ಬ್ಯಾರೆಲ್ ಒಂದು ಸೆಂಟಿಮೀಟರ್ ಒಳಗೆ ನಿಂತರೆ ಅದರ ಮೇಲೆ ಬೀಳುವ ಬಲ ಅದರ ತೂಕದ ಸುಮಾರು 100 ಪಟ್ಟು. ಅಂದರೆ 150 ಕಿಲೋ. ಅದೇ ಎರಡು ಸೆಂಟಿಮೀಟರ್ ಅಮುಕಿಕೊಂಡು ನಿಂತರೆ ಬಲ ಅರ್ಧಕ್ಕೆ ಇಳಿಯುತ್ತದೆ, ಮೂರಾದರೆ ಇನ್ನೂ ಕಮ್ಮಿ. ಹೊರಗಿನ ಗೋಡೆ ಎಷ್ಟೇ ದಪ್ಪ ಇರಲಿ, ಈ ಲೆಕ್ಕ ಬದಲಾಗುವುದಿಲ್ಲ. ಗನ್ ಉಳಿಸುವುದು ಗೋಡೆಗೂ ಗನ್ನಿಗೂ ನಡುವಿನ ಜಾಗ, ಆ ಜಾಗದಲ್ಲಿ ಏನಿದೆ ಅನ್ನುವುದು. ಈ ಪ್ರಕರಣದಲ್ಲಿ ಮುಂದೆ ತೆಗೆದುಕೊಂಡ ತೀರ್ಮಾನಗಳೆಲ್ಲ ಇಲ್ಲಿಂದಲೇ ಹೊರಟವು.

ಸ್ಟಾಕ್ ಅಂಟಿಸಿ, ಒಳಗೆ ಉಕ್ಕಿನ ಕಡ್ಡಿ ಕೂರಿಸಿ ಕೊಟ್ಟೆ. ಅದು ಬೇರೆ ಕಥೆ. ಇಬ್ಬರೂ ಕೇಳಿದ್ದು ಮುಂದೆ ಯಾವ ಕೇಸ್ ತಗೊಳ್ಳೋಣ ಅಂತ.

ತಮ್ಮನಿಗೆ ಮೊದಲಿಂದ ಒಂದು ಆಸೆ. ಗನ್ ಬಿಚ್ಚದೆ ಉದ್ದಕ್ಕೆ ಇಡುವ ಕೇಸ್ ಬೇಕು, ಇಬ್ಬರದೂ ಒಂದರಲ್ಲೇ ಇರಲಿ, ಚಕ್ರ ಇರಲಿ. "ಅಕ್ಕಾ, ಒಂದೇ ಪೆಟ್ಟಿಗೆ ಆದ್ರೆ ಎಳೆಯೋದೂ ಒಬ್ರೇ, ಕೌಂಟರಲ್ಲಿ ತೆಗೆದು ತೋರಿಸೋದೂ ಒಂದೇ ಸಲ." ಅವರ ಮಾತಲ್ಲಿ ಹುರುಳಿಲ್ಲ ಅಂತ ಅಲ್ಲ. ಆದರೆ ಮೊದಲು ಟೇಪ್ ಹಿಡಿದೆವು.

ಹೆಚ್ಚಿನ ವಿಮಾನ ಕಂಪನಿಗಳು ಚೆಕ್-ಇನ್ ಲಗೇಜಿಗೆ ಇಡುವ ಮಿತಿ, ಉದ್ದ, ಅಗಲ, ಎತ್ತರ ಮೂರೂ ಕೂಡಿಸಿ 158 ಸೆಂ.ಮೀ. ಸಾಮಾನ್ಯ ಟಿಕೆಟ್‌ಗೆ ಹಲವು ಕಡೆ ಒಂದು ಬ್ಯಾಗಿಗೆ 23 ಕಿಲೋ. ಯಾವ ಟಿಕೆಟ್ ಇದ್ದರೂ ಒಂದೇ ಬ್ಯಾಗ್ 32 ಕಿಲೋ ದಾಟಿದರೆ ಬಹುತೇಕ ಕಡೆ ಲಗೇಜ್ ಆಗಿ ತೆಗೆದುಕೊಳ್ಳುವುದಿಲ್ಲ, ಎತ್ತುವ ಕೆಲಸಗಾರರ ಬೆನ್ನಿನ ರಕ್ಷಣೆಗೆ ಮಾಡಿದ ಮಿತಿ ಅದು. ಕ್ರೀಡಾ ಸಾಮಗ್ರಿಗೆ ಕೆಲವರು ಸಡಿಲಿಕೆ ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಹೋಗುವಾಗ ಕೊಟ್ಟವರು ಇರುತ್ತಾರೆ, ಬರುವಾಗಿನ ಕಂಪನಿ ಬೇರೆಯಾಗಿರುತ್ತದೆ. ಸಡಿಲಿಕೆ ನಂಬಿ ಕೇಸ್ ಕೊಳ್ಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಳತೆಗೆ ಅಂತ ಎಲ್ಲರಿಗೂ ಗೊತ್ತಿರುವ ಪೆಲಿಕನ್ ಕೇಸ್‌ಗಳನ್ನೇ ಹಿಡಿದೆವು. ಉದ್ದಕ್ಕೆ ಇಡುವ 1750 ಮಾದರಿಯ ಒಳ ಉದ್ದ 128 ಸೆಂ.ಮೀ. ಹೊರಗಿನ ಅಳತೆ ಹತ್ತಿರ ಹತ್ತಿರ 135, 41, 15.5. ಕೂಡಿಸಿದರೆ 191. ಮಿತಿಗಿಂತ 33 ಸೆಂ.ಮೀ. ಜಾಸ್ತಿ. ಬಿಚ್ಚಿ ಇಡಲು ಸಾಕಾಗುವ 1700 ಮಾದರಿಯದು 97, 41, 15.5. ಕೂಡಿಸಿದರೆ 153 ಚಿಲ್ಲರೆ. ಮಿತಿಯೊಳಗೆ ಬರುತ್ತದೆ. ಒಂದೇ ಕಂಪನಿಯ, ಒಂದೇ ಅಗಲ ಎತ್ತರದ ಎರಡು ಕೇಸ್. ಒಂದು ಮಾಮೂಲಿ ಲಗೇಜ್, ಇನ್ನೊಂದು ಪ್ರತಿ ಸಲವೂ ಹೆಚ್ಚು ಅಳತೆಯ ಲಗೇಜ್.

ಹಣದ ಮಾತು ಪಕ್ಕಕ್ಕಿಡೋಣ. ಹೆಚ್ಚು ಅಳತೆಯ ಲಗೇಜ್ ಬೇರೆ ದಾರಿಯಲ್ಲಿ ಹೋಗುತ್ತದೆ. ಕೆಲವು ಕಡೆ ಅದು ಒಳ್ಳೆಯದೇ, ಬೆಲ್ಟ್ ಬದಲು ಕೈಯಿಂದ ಎತ್ತುತ್ತಾರೆ. ಆದರೆ ಚಿಕ್ಕ ವಿಮಾನಕ್ಕೆ ಬದಲಾಯಿಸುವ ಪ್ರಯಾಣದಲ್ಲಿ ಜಾಗ ಸಾಲದೆ ಹಿಂದೆ ಉಳಿಯುವುದು ಇಂಥ ಉದ್ದದ ಪೆಟ್ಟಿಗೆಗಳೇ. ಇನ್ನೊಂದು ಮಾತು: ಕೇಸ್ ಉದ್ದವಾದಷ್ಟೂ ಮೂಲೆಗಳು ಸಡಿಲ. ಬೀಗ ಹಾಕಿದ ಮೇಲೂ ಮುಚ್ಚಳದ ಮೂಲೆ ಹಿಡಿದು ಎಳೆದರೆ ಉದ್ದ ಕೇಸ್ ಹೆಚ್ಚು ಬಾಗುತ್ತದೆ.

ಈ ಬಾಗುವ ವಿಷಯವನ್ನು ಸುಮ್ನೆ ಹೇಳುತ್ತಿಲ್ಲ. ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆಯಾದ ಟಿಎಸ್‌ಎ ಪ್ರಕಾರ ಗನ್ ಖಾಲಿ ಇರಬೇಕು, ಗಟ್ಟಿ ಗೋಡೆಯ ಪೆಟ್ಟಿಗೆಯಲ್ಲಿ ಬೀಗ ಹಾಕಿರಬೇಕು, ಚೆಕ್-ಇನ್ ಲಗೇಜಿನಲ್ಲೇ ಹೋಗಬೇಕು, ಕೌಂಟರ್‌ನಲ್ಲಿ ತಿಳಿಸಬೇಕು. ಸುಲಭವಾಗಿ ತೆರೆಯುವ ಪೆಟ್ಟಿಗೆಗೆ ಅನುಮತಿ ಇಲ್ಲ. ಗನ್ ಕೊಂಡಾಗ ಬಂದ ಪೆಟ್ಟಿಗೆ ಸಾಕಾಗದೆ ಇರಬಹುದು ಅಂತ ಅವರೇ ಎಚ್ಚರಿಸುತ್ತಾರೆ. ಬೇರೆ ದೇಶಗಳ ಮಾತು ಬೇರೆ ಬೇರೆ ಇದ್ದರೂ ತಿರುಳು ಬಹುಮಟ್ಟಿಗೆ ಇದೇ. ಬೀಗ ಇದೆಯಾ ಅನ್ನುವುದಕ್ಕಿಂತ ಬೀಗ ಹಾಕಿದ ಮೇಲೆ ಕೈ ಹೋಗುತ್ತದಾ ಅನ್ನುವುದು ಮುಖ್ಯ.

ಹಾಗಾಗಿ ಉದ್ದ ಕೇಸ್ ಬಿಟ್ಟೆವು. ತಮ್ಮನಿಗೆ ಸ್ವಲ್ಪ ಬೇಜಾರಾಯಿತು. ಓವರ್-ಅಂಡರ್ ಬಿಚ್ಚಲು ಅರ್ಧ ನಿಮಿಷವೂ ಬೇಡ. ಫೋರ್‌ಎಂಡ್, ಅಂದರೆ ಬ್ಯಾರೆಲ್ ಕೆಳಗೆ ಕೈ ಹಿಡಿಯುವ ಮರದ ತುಂಡು ತೆಗೆದು, ಗನ್ನನ್ನು ಕೀಲಿನಲ್ಲಿ ಬಾಗಿಸಿ ತೆರೆದು, ಬ್ಯಾರೆಲ್ ಎತ್ತಿದರೆ ಆಯಿತು. ಕೌಂಟರ್‌ನಲ್ಲೂ ಇದರಿಂದ ಅನುಕೂಲವೇ. ಮುಚ್ಚಳ ತೆಗೆದ ತಕ್ಷಣ ಬ್ಯಾರೆಲ್ ಬೇರೆ, ಆಕ್ಷನ್ ಬೇರೆ ಕಾಣುತ್ತದೆ. ಗನ್ ಬಗ್ಗೆ ಏನೂ ತಿಳಿಯದ ಸಿಬ್ಬಂದಿಗೂ ಇದು ತುಂಬಿಲ್ಲ ಅನ್ನುವುದು ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ಇಬ್ಬರಿಗೂ ಒಂದೇ ಕೇಸಾ, ಎರಡಾ? ಇಲ್ಲಿ ಗಟ್ಟಿತನದ ಲೆಕ್ಕ ಎರಡಕ್ಕೂ ಹೆಚ್ಚು ಕಡಿಮೆ ಸಮ. ತೂಕದಲ್ಲಿ ಒಂದೇ ಕೇಸ್ ಗೆಲ್ಲುತ್ತದೆ. ತೀರ್ಮಾನ ಆಗಿದ್ದು ಕಾಗದಪತ್ರದಿಂದ. ಗನ್ ಲೈಸೆನ್ಸ್ ವ್ಯಕ್ತಿಯ ಹೆಸರಿನಲ್ಲಿರುತ್ತದೆ. ಒಂದೇ ಕೇಸಿನಲ್ಲಿ ಎರಡು ಗನ್ ಇದ್ದರೆ ಲಗೇಜ್ ಚೀಟಿ ಒಬ್ಬರ ಹೆಸರಿಗೆ. ಒಬ್ಬರಿಗೆ ಫ್ಲೈಟ್ ತಪ್ಪಿತು, ಇಲ್ಲ ಒಬ್ಬರು ಫೈನಲ್ ತಲುಪಿ ಒಂದು ದಿನ ಜಾಸ್ತಿ ಉಳಿದರು ಅಂದುಕೊಳ್ಳಿ. ಇನ್ನೊಬ್ಬರ ಕೈಯಲ್ಲಿ ತನ್ನ ಹೆಸರಲ್ಲಿಲ್ಲದ ಗನ್ ಇರುತ್ತದೆ. ಬೇರೆ ದೇಶದ ವಿಮಾನ ನಿಲ್ದಾಣದಲ್ಲಿ ಅದನ್ನು ವಿವರಿಸುವ ಗತಿ ಯಾರಿಗೂ ಬರಬಾರದು. ಅದರ ಮೇಲೆ, ಒಂದೇ ಕೇಸ್ ಕಳೆದರೆ ಇಬ್ಬರ ಆಟವೂ ಹೋಯಿತು. ಅಕ್ಕ ಇದನ್ನು ಕೇಳಿದ ಕೂಡಲೇ, "ಸರಿ, ಎರಡು" ಅಂದರು. ತಮ್ಮನೂ ಮತ್ತೆ ಆ ಮಾತು ಎತ್ತಲಿಲ್ಲ. ಒಂದೇ ಕೇಸಲ್ಲಿ ತನ್ನ ಬ್ಯಾರೆಲ್ಲೇ ಅಕ್ಕನ ಸ್ಟಾಕ್ ಮುರಿದದ್ದು ಅವರ ಮನಸ್ಸಿನಲ್ಲಿ ಇದ್ದೇ ಇತ್ತು.

ಇನ್ನು ಯಾವುದರ ಕೇಸ್ ಅನ್ನುವುದು. ಮುಖ್ಯವಾಗಿ ಮೂರು ಜಾತಿ. ತೆಳ್ಳನೆ ಎಬಿಎಸ್ ಪ್ಲಾಸ್ಟಿಕ್‌ನವು ಹಗುರ, ಅಂದ. ನೆಗ್ರಿನಿಯಂಥ ಇಟಲಿಯ ತಯಾರಕರು ಓವರ್-ಅಂಡರ್‌ಗೆ ಅಂತಲೇ ಅಚ್ಚು ಹಾಕಿ ಒಳಗಿನ ಜಾಗ ಬಹಳ ಚೆನ್ನಾಗಿ ಮಾಡುತ್ತಾರೆ. ಗನ್ನಿನ ಪ್ರತಿ ಭಾಗಕ್ಕೂ ಅದರದೇ ಗೂಡು. ಈ ವಿಷಯದಲ್ಲಿ ಅವರನ್ನು ಮೆಚ್ಚಲೇಬೇಕು. ಎರಡನೆಯದು ಅಲ್ಯೂಮಿನಿಯಂ. ಮೂರನೆಯದು ಅಚ್ಚಿನಲ್ಲಿ ಒತ್ತಿ ಮಾಡಿದ ದಪ್ಪ ಪಾಲಿಪ್ರೊಪಿಲೀನ್ ಜಾತಿಯ ಪ್ಲಾಸ್ಟಿಕ್, ಪೆಲಿಕನ್, ಎಸ್‌ಕೆಬಿ ತರಹದವು.

ಅಲ್ಯೂಮಿನಿಯಂಗೂ ದಪ್ಪ ಪ್ಲಾಸ್ಟಿಕ್‌ಗೂ ಇರುವ ವ್ಯತ್ಯಾಸ ಪೆಟ್ಟು ಬಿದ್ದ ಮೇಲೆ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಬಾಗಿ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಅಲ್ಯೂಮಿನಿಯಂ ಚಪ್ಪಟೆಯಾದರೆ ಹಾಗೇ ಉಳಿಯುತ್ತದೆ. ಗೋಡೆಯ ಮಧ್ಯೆ ತಗ್ಗು ಬಿದ್ದರೆ ಚಿಂತೆಯಿಲ್ಲ. ಅಂಚಿನಲ್ಲಿ ಬಿದ್ದರೆ ಮುಚ್ಚಳ ಕೂರುವುದಿಲ್ಲ, ಬೀಗದ ತೂತುಗಳು ಒಂದಕ್ಕೊಂದು ಸೇರುವುದಿಲ್ಲ. ಪರ ಊರಿನಲ್ಲಿ, ವಾಪಸ್ ಹೊರಡುವ ದಿನ, ಬೀಗ ಬೀಳದ ಕೇಸ್ ಇಟ್ಟುಕೊಂಡು ಏನು ಮಾಡುವುದು? ಅಲ್ಯೂಮಿನಿಯಂನ ಒಳ್ಳೆಯ ಗುಣವೂ ಇದೆ. ಸಲಾಕೆ ಹಾಕಿ ಮೀಟಿದರೂ ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಒಂದೇ ಕಡೆಗೆ ವರ್ಷಾನುಗಟ್ಟಲೆ ಹೋಗಿಬರುವವರಿಗೆ, ಫೋಮ್ ಸರಿ ಮಾಡಿಸಿಕೊಂಡರೆ, ಅದೂ ನಡೆಯುತ್ತದೆ. ಇವರ ಹಾಗೆ ಹಲವು ವಿಮಾನ ಬದಲಿಸುವವರಿಗೆ ನಾನು ದಪ್ಪ ಪ್ಲಾಸ್ಟಿಕ್ಕೇ ಹೇಳುವುದು.

ಆಮೇಲೆ ಚಿಕ್ಕ ಚಿಕ್ಕ ಭಾಗಗಳು. ಇಲ್ಲಿ ನಾನು ನೋಡುವುದು ಒಂದೇ: ಹೊರಗೆ ಚಾಚಿಕೊಂಡದ್ದು ಏನಿದೆ? ಹಿಡಿ, ಕೊಂಡಿ, ಚಕ್ರ, ಬೀಗದ ಪಟ್ಟಿ, ಯಾವುದು ಗೋಡೆಯಿಂದ ಆಚೆ ಬಂದಿದೆಯೋ ಅದು ಕನ್ವೇಯರ್ ಬೆಲ್ಟ್‌ನಲ್ಲಿ ಸಿಕ್ಕಿಕೊಂಡು ಕಿತ್ತುಹೋಗುತ್ತದೆ. ಗೋಡೆಯೊಳಗೇ ತಗ್ಗಿನಲ್ಲಿ ಕೂತಿರುವ ಕೊಂಡಿ ಬೇಕು. ಬೀಗದ ತೂತಿಗೆ ಉಕ್ಕಿನ ಬಳೆ ಇರಬೇಕು, ಬರೀ ಪ್ಲಾಸ್ಟಿಕ್ ತೂತಾದರೆ ಬೀಗ ಎಳೆದಾಗ ಹರಿಯುತ್ತದೆ. ಎಷ್ಟು ತೂತಿದೆಯೋ ಅಷ್ಟಕ್ಕೂ ಬೀಗ ಹಾಕಬೇಕು. ಬೀಗದ ಕೊಕ್ಕೆ ಗಿಡ್ಡವಿದ್ದರೆ ಒಳ್ಳೆಯದು, ಉದ್ದವಾಗಿ ಜೋತಾಡುವ ಬೀಗವನ್ನು ಮೀಟುವುದು ಸುಲಭ. ಟಿಎಸ್‌ಎ ಯಾವ ಬೀಗವಾದರೂ ಸರಿ ಅನ್ನುತ್ತದೆ, ಆದರೆ ಕೀಲಿ ಅಥವಾ ನಂಬರ್ ಪ್ರಯಾಣಿಕನ ಹತ್ತಿರ ಮಾತ್ರ ಇರಬೇಕು, ಅಧಿಕಾರಿಗಳು ಕೇಳಿದರೆ ಕೊಡಬೇಕು ಅಂತಲೂ ಅನ್ನುತ್ತದೆ. ಹಾಗಿದ್ದ ಮೇಲೆ ಭದ್ರತಾ ಸಿಬ್ಬಂದಿಯ ಮಾಸ್ಟರ್ ಕೀಲಿಯಿಂದ ತೆರೆಯುವ ಸೂಟ್‌ಕೇಸ್ ಬೀಗ ಗನ್ ಕೇಸಿಗೆ ಯಾಕೆ? ಅಂಥ ಮಾಸ್ಟರ್ ಕೀಲಿಗಳ ಚಿತ್ರ 2015ರಲ್ಲೇ ಹೊರಗೆ ಬಿದ್ದು, ನಕಲು ಕೀಲಿ ಮಾಡುವುದು ಯಾರಿಗೆ ಬೇಕಾದರೂ ಸಾಧ್ಯವಾಗಿದೆ. ಇವರಿಗೆ ಮಾಮೂಲಿ ಗಟ್ಟಿ ಬೀಗಗಳನ್ನೇ ಹಾಕಿಸಿದೆ.

ಕೇಸ್ ನೀರು ಹೋಗದಂತೆ ಮುಚ್ಚುವ ತರಹದ್ದಾದರೆ ಒಂದು ವಿಷಯ ಮರೆಯಬಾರದು, ಗಾಳಿ ಬಿಡುವ ವಾಲ್ವ್. ಐಪಿ67 ಅಂತ ಬರೆದಿರುವ ಕೇಸ್‌ಗಳು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಒಳಗೆ ನೀರು ಬಿಡುವುದಿಲ್ಲ. ಅಷ್ಟು ಬಿಗಿ ಅಂದರೆ ಗಾಳಿಗೂ ಬಿಗಿ. ಲಗೇಜ್ ಇಡುವ ಜಾಗದಲ್ಲೂ ಪ್ರಯಾಣಿಕರ ಕ್ಯಾಬಿನ್‌ನಷ್ಟೇ ಒತ್ತಡ ಇರುತ್ತದೆ. ಅದು ಹೆಚ್ಚೆಂದರೆ 2400 ಮೀಟರ್ ಎತ್ತರದ ಬೆಟ್ಟದ ಮೇಲಿನ ಗಾಳಿಯಷ್ಟು. ಮೇಲೆ ಹೋಗುವಾಗ ಕೇಸಿನೊಳಗಿನ ಗಾಳಿ ರಬ್ಬರ್ ಅಂಚು ತಳ್ಳಿಕೊಂಡು ಹೊರಗೆ ಬರುತ್ತದೆ. ಇಳಿಯುವಾಗ ವಾಪಸ್ ಒಳಗೆ ಹೋಗಲು ಆಗುವುದಿಲ್ಲ. ಆಗ ಹೊರಗಿನ ಗಾಳಿ ಮುಚ್ಚಳವನ್ನು ಅಮುಕಿ ಹಿಡಿಯುತ್ತದೆ. ಒಂದು ಚದರ ಸೆಂಟಿಮೀಟರ್‌ಗೆ ಕಾಲು ಕಿಲೋ ಬಲ ಅಂದರೆ ಏನು ಮಹಾ ಅನ್ನಿಸಬಹುದು. 90ಕ್ಕೆ 34ರ ಮುಚ್ಚಳಕ್ಕೆ ಗುಣಿಸಿದರೆ 750 ಕಿಲೋ ದಾಟುತ್ತದೆ! ಕಸ್ಟಮ್ಸ್‌ನವರು ತೆಗೆಯಿರಿ ಅಂತಾರೆ, ಮುಚ್ಚಳ ಅಲುಗಾಡುವುದಿಲ್ಲ. ತಾನಾಗಿ ಗಾಳಿ ಆಡಿಸುವ ವಾಲ್ವ್ ಇದ್ದರೆ ಈ ತಾಪತ್ರಯ ಇಲ್ಲ. ಕೈಯಿಂದ ತಿರುಗಿಸುವ ತರಹದ್ದಾದರೆ ಕೌಂಟರ್‌ಗೆ ಕೊಡುವ ಮೊದಲೇ ಸಡಿಲ ಮಾಡಿಡಬೇಕು. ಇವರಿಬ್ಬರ ಕೇಸಿಗೂ ತಾನಾಗಿ ಆಡುವ ವಾಲ್ವ್ ಇದೆ.

ಈಗ ಫೋಮ್. ನಾವು ಹೆಚ್ಚು ಹೊತ್ತು ಕೊಟ್ಟದ್ದು ಇದಕ್ಕೇ.

ಕೇಸ್ ಜೊತೆ ಬರುವ, ಚೌಕ ಚೌಕವಾಗಿ ಕಿತ್ತು ತೆಗೆಯುವ ಮೆತ್ತನೆ ಫೋಮ್ ಕ್ಯಾಮೆರಾಗೆ ಸರಿ. ಒಂದೂವರೆ ಕಿಲೋ ಉಕ್ಕಿಗೆ ಅದು ಸಾಲದು. ಅದರ ರಂಧ್ರಗಳು ತೆರೆದಿರುವುದರಿಂದ ನೀರನ್ನೂ ಹೀರಿ ಇಟ್ಟುಕೊಳ್ಳುತ್ತದೆ. ಮಳೆಯಲ್ಲಿ ಆಡಿ, ಒರೆಸಿದೆ ಅಂದುಕೊಂಡು ಇಟ್ಟ ಬ್ಯಾರೆಲ್ ಮೇಲೆ ಮಾರನೇ ದಿನ ಫೋಮ್‌ನ ಆಕಾರದಲ್ಲೇ ತುಕ್ಕು ಕೂತಿರುತ್ತದೆ. ಅದಕ್ಕೆ ಬದಲು ಮುಚ್ಚಿದ ರಂಧ್ರಗಳ, ಗಟ್ಟಿ ಪಾಲಿಎಥಿಲೀನ್ ಫೋಮ್ ಹಲಗೆ ತರಿಸಿದೆವು. ಹೆಬ್ಬೆರಳಿನಿಂದ ಒತ್ತಿದರೆ ಕಷ್ಟಪಟ್ಟು ತಗ್ಗುತ್ತದೆ, ಬಿಟ್ಟ ತಕ್ಷಣ ಏಳುತ್ತದೆ.

ಅಕ್ಕನ ಗನ್ನಿಗೆ ಜಾಗ ಹೊಂದಿಸುವುದು ಕಷ್ಟವಾಯಿತು. ಕೇಸಿನ ಒಳ ಉದ್ದ 90 ಸೆಂ.ಮೀ. ಚಿಲ್ಲರೆ. ಬ್ಯಾರೆಲ್ 81. ಅದರ ಮೇಲೆ ಚಾಚಿದ ಚೋಕ್ ಇನ್ನೆರಡು ಸೆಂಟಿಮೀಟರ್. ಉಳಿದದ್ದು ಎಂಟಕ್ಕಿಂತ ಕಮ್ಮಿ, ಎರಡೂ ತುದಿಗೆ ಹಂಚಿದರೆ ನಾಲ್ಕು ಕೂಡ ಇಲ್ಲ. ಚೋಕ್ ತೆಗೆದಿಟ್ಟು ಬರೀ ಬ್ಯಾರೆಲ್ ಇಡೋಣವೇ ಅಂತ ಅಕ್ಕ ಕೇಳಿದರು. ಹಾಗೆ ಮಾತ್ರ ಮಾಡಬಾರದು. ಚೋಕ್ ಕೂರುವ ಕಡೆ ಬ್ಯಾರೆಲ್ಲಿನ ಗೋಡೆ ಬಹಳ ತೆಳು, ಒಳಗೆ ನವಿರಾದ ಥ್ರೆಡ್. ಖಾಲಿ ಬಿಟ್ಟು ಒಂದು ಪೆಟ್ಟು ಬಿದ್ದರೆ ಮೂತಿ ಅಂಡಾಕಾರವಾಗುತ್ತದೆ, ಆಮೇಲೆ ಯಾವ ಚೋಕೂ ಹೋಗುವುದಿಲ್ಲ. ಪ್ರಯಾಣಕ್ಕೆ ಅಂತ ಮೂತಿಗೆ ಸಮವಾಗಿ ಕೂರುವ ಒಂದು ಜೊತೆ ಸಾದಾ ಚೋಕ್ ಹಾಕಿಸಿದೆ. ಎರಡು ಸೆಂಟಿಮೀಟರ್ ಉಳಿಯಿತು, ಥ್ರೆಡ್ಡೂ ಉಳಿಯಿತು. ಮೂತಿಯ ಕಡೆಗೆ ಐದು, ಹಿಂದಿನ ಕಡೆಗೆ ನಾಲ್ಕು ಸೆಂ.ಮೀ. ಫೋಮ್ ಕೂತಿತು.

ಅಗಲದ ಲೆಕ್ಕವೂ ಬಿಗಿಯೇ. ಬ್ಯಾರೆಲ್ ಒಂದು ಸಾಲು. ಸ್ಟಾಕ್ ಮತ್ತು ಆಕ್ಷನ್ ಸೇರಿ ಅರ್ಧ ಮೀಟರ್ ಆಗುತ್ತದೆ, ಅದರ ಮುಂದೆ ಅದೇ ಸಾಲಿನಲ್ಲಿ ಫೋರ್‌ಎಂಡ್. ಎರಡು ಸಾಲಿನ ನಡುವೆ ನಾಲ್ಕು ಬೆರಳು ಫೋಮ್ ಬಿಡಲೇಬೇಕು ಅಂತ ಹಟ ಹಿಡಿದೆ. ಹಳೆಯ ಕೇಸಿನಲ್ಲಿ ಇಲ್ಲದೆ ಹೋದದ್ದು ಇದೇ ಗೋಡೆ.

ಕತ್ತರಿಸುವಾಗ ಗನ್ನಿನ ಗೆರೆ ಎಳೆದು ಅದೇ ಆಕಾರಕ್ಕೆ ಕತ್ತರಿಸುವುದು ಎಲ್ಲರ ಅಭ್ಯಾಸ. ನೋಡಲು ಚಂದ. ಆದರೆ ಗನ್ನಿನ ಎಲ್ಲ ಭಾಗಕ್ಕೂ ಸಮನಾಗಿ ಭಾರ ಹೊರುವ ಶಕ್ತಿ ಇಲ್ಲ. ಸ್ಟಾಕನ್ನು ಆಕ್ಷನ್ ಹತ್ತಿರ ಮತ್ತು ಹಿಂದಿನ ರಬ್ಬರ್ ಪ್ಯಾಡ್ ಹತ್ತಿರ ಬಿಗಿಯಾಗಿ ಹಿಡಿಸಿ, ಗ್ರಿಪ್ ಸುತ್ತ ಒಂದು ಬೆರಳಷ್ಟು ಖಾಲಿ ಬಿಟ್ಟೆ. ಬ್ಯಾರೆಲ್ಲಿನ ಮೇಲಿನ ತೆಳ್ಳನೆ ಪಟ್ಟಿ, ಅದರ ತುದಿಯ ಮಣಿ ಎಲ್ಲೂ ಫೋಮ್ ಮೇಲೆ ಭಾರ ಹಾಕದಂತೆ ಅಡ್ಡ ಮಲಗಿಸಿದೆ. ಅಕ್ಕನ ಸ್ಟಾಕ್‌ಗೆ ಎತ್ತರಿಸಿ ಇಳಿಸುವ ಕೋಂಬ್ ಇದೆ, ಅಂದರೆ ಕೆನ್ನೆ ಕೂರುವ ತುಂಡು. ಅದನ್ನು ಬಿಚ್ಚಿ ಬೇರೆ ಗೂಡಿನಲ್ಲಿಟ್ಟು, ಅದರ ಎತ್ತರವನ್ನು ಕಂಬದ ಮೇಲೆ ಗುರುತು ಮಾಡಿಟ್ಟೆವು, ಹೋದ ಕಡೆ ಮತ್ತೆ ಹೊಂದಿಸಲು ಒದ್ದಾಡಬಾರದು ಅಂತ.

ಮುಚ್ಚಳದ ಕಡೆಯ ಫೋಮ್ ಸರಿಯಾಗಿ ಒತ್ತುತ್ತಿದೆಯಾ ಅಂತ ನೋಡಲು ಸುಲಭ ದಾರಿ ಇದೆ. ಗನ್ ಭಾಗಗಳನ್ನು ತೆಳು ಬಟ್ಟೆಯಲ್ಲಿ ಸುತ್ತಿ, ಬಟ್ಟೆಗೆ ಸೀಮೆಸುಣ್ಣ ಹಚ್ಚಿ, ಮುಚ್ಚಳ ಹಾಕಿ ತೆಗೆದರೆ ಎಲ್ಲಿ ತಾಗಿದೆಯೋ ಅಲ್ಲಿ ಮುಚ್ಚಳದ ಫೋಮ್ ಮೇಲೆ ಬಿಳಿ ಗುರುತು ಬೀಳುತ್ತದೆ. ಮೊದಲ ಸಲ ಬ್ಯಾರೆಲ್ಲಿನ ದಪ್ಪ ತುದಿಯಲ್ಲಿ ಮಾತ್ರ ಬಿತ್ತು, ಉಳಿದ ಉದ್ದಕ್ಕೂ ಗುರುತೇ ಇಲ್ಲ. ಅಂದರೆ ಮೂತಿಯ ಕಡೆ ಕುಣಿಯಲು ಜಾಗ ಇದೆ. ಅಲ್ಲಿಗೆ ಒಂದು ತೆಳು ಪದರ ಅಂಟಿಸಿದ ಮೇಲೆ ಉದ್ದಕ್ಕೂ ಬಿಳಿ ಗೆರೆ ಬಂತು.

ಆಮೇಲೆ ಬೀಳಿಸಿ ನೋಡಿದೆವು. ಗನ್ ಹಾಕಿ ಅಲ್ಲ. ಬ್ಯಾರೆಲ್ಲಿನಷ್ಟೇ ಉದ್ದ ತೂಕದ ಕಬ್ಬಿಣದ ಪೈಪು, ಸ್ಟಾಕ್ ಬದಲು ಒಂದು ಹಳೆಯ ಒಡಕು ಸ್ಟಾಕ್. ಸೊಂಟದ ಎತ್ತರದಿಂದ ಮೊದಲು ಅಡ್ಡಕ್ಕೆ, ಆಮೇಲೆ ತುದಿಯ ಮೇಲೆ, ಕೊನೆಗೆ ಮೂಲೆಯ ಮೇಲೆ. ಹೊಸ ಕೇಸನ್ನು ನೆಲಕ್ಕೆ ಎತ್ತಿ ಹಾಕಲು ತಮ್ಮನಿಗೆ ಮನಸ್ಸೇ ಬರಲಿಲ್ಲ, ಅಕ್ಕ ಹಾಕಿದರು. ಪೈಪು ಕೂತಲ್ಲೇ ಇತ್ತು. ಮೂತಿಯ ಕಡೆ ಫೋಮ್ ಮೇಲೆ ಸಣ್ಣ ಬಳೆ ಗುರುತು, ಅಷ್ಟೇ. ಅದೇ ಪೈಪನ್ನು ಹಳೆಯ ಅಲ್ಯೂಮಿನಿಯಂ ಕೇಸಿಗೆ ಹಾಕಿ ಒಂದೇ ಸಲ ತುದಿಯ ಮೇಲೆ ಬೀಳಿಸಿದರೆ ಪೈಪು ಪೂರ್ತಿ ಓರೆಯಾಗಿ ಆಚೆ ಬದಿಗೆ ಬಂದಿತ್ತು. ಇಬ್ಬರೂ ಸುಮಾರು ಹೊತ್ತು ಅದನ್ನೇ ನೋಡುತ್ತಾ ನಿಂತರು.

ತೂಕ ಹಾಕಿದಾಗ ಅಕ್ಕನ ಕೇಸ್, ಗನ್, ಬೀಗ, ಚೋಕ್, ಎಣ್ಣೆ ಒರೆಸುವ ಬಟ್ಟೆ ಎಲ್ಲ ಸೇರಿ 14 ಕಿಲೋ ಒಳಗೇ ಬಂತು. ಆದರೆ ಉಳಿದ ಒಂಬತ್ತು ಕಿಲೋಗೆ ತೋಟಾ ತುಂಬೋಣ ಅನ್ನುವ ಆಸೆಗೆ ಬೀಳಬಾರದು. ವಿಮಾನಗಳ ಅಂತರರಾಷ್ಟ್ರೀಯ ನಿಯಮದಂತೆ ಒಬ್ಬ ಪ್ರಯಾಣಿಕನಿಗೆ ತೋಟಾ 5 ಕಿಲೋ ಮಾತ್ರ, ಡಬ್ಬಿ ಸೇರಿ. ಇಬ್ಬರದು ಕೂಡಿಸಿ ಒಂದೇ ಪೊಟ್ಟಣ ಮಾಡುವ ಹಾಗಿಲ್ಲ. 24 ಗ್ರಾಂ ಚರೆಯ 25 ತೋಟಾದ ಡಬ್ಬಿ ಒಂದು ಕಿಲೋ ಹತ್ತಿರ. ಅಂದರೆ ಹೆಚ್ಚು ಕಡಿಮೆ 125 ತೋಟಾ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟ್ರ್ಯಾಪ್ ಅರ್ಹತಾ ಸುತ್ತಿಗೇ 125 ಗುರಿ ಇತ್ತು, ಅಭ್ಯಾಸ ಬೇರೆ. ತೋಟಾವನ್ನು ಸ್ಪರ್ಧೆಯ ಜಾಗದಲ್ಲೇ ಕೊಳ್ಳುವುದು ನೆಟ್ಟಗಿನ ದಾರಿ. ಕೆಲವು ಕಂಪನಿಗಳು ಗನ್ ಜೊತೆ ಒಂದೇ ಕೇಸಿನಲ್ಲಿ ತೋಟಾ ಬಿಡುವುದೂ ಇಲ್ಲ.

ಎರಡೂ ಕೇಸಿಗೆ ದಪ್ಪ ಕ್ಯಾನ್‌ವಾಸ್ ಹೊದಿಕೆ ಹೊಲಿಸಿದ್ದು ತಮ್ಮನ ಯೋಚನೆ, ಒಳ್ಳೆಯ ಯೋಚನೆ. ಕೊಂಡಿಗೂ ರಕ್ಷಣೆ, ನೋಡಿದವರಿಗೆ ಗನ್ ಕೇಸ್ ಅಂತಲೂ ಅನ್ನಿಸುವುದಿಲ್ಲ. ಗನ್ ಕಂಪನಿಯ ಸ್ಟಿಕ್ಕರ್ ಒಂದೂ ಬೇಡ ಅಂತ ಮೊದಲೇ ಹೇಳಿದ್ದೆ. ಒಳಗೆ ಗನ್ನಿನ ನಂಬರ್ ಬರೆದ ಕಾಗದ, ತೇವ ಹೀರುವ ಸಿಲಿಕಾ ಚೀಲ, ಒಂದು ಚಿಕ್ಕ ಟ್ರ್ಯಾಕರ್. ಮುಚ್ಚುವ ಮೊದಲು ತೆರೆದ ಕೇಸಿನ ಫೋಟೊ.

ಆಮೇಲೆ ಇಬ್ಬರೂ ಈ ಕೇಸ್‌ಗಳನ್ನು ಹಿಡಿದು ಹಲವು ಸ್ಪರ್ಧೆಗಳಿಗೆ ಹೋಗಿ ಬಂದಿದ್ದಾರೆ. ಒಂದು ನಿಲ್ದಾಣದಲ್ಲಿ ಅಧಿಕಾರಿಯೊಬ್ಬರು ಬೀಗ ಹಾಕಿದ ಮೇಲೆ ಮೂಲೆಗೆ ಬೆರಳು ತೂರಿಸಿ ಎಳೆದು ನೋಡಿದರಂತೆ. ಬೆರಳು ಹೋಗಲಿಲ್ಲ, ಸಹಿ ಹಾಕಿ ಕಳಿಸಿದರು. ಅಕ್ಕನ ಕೇಸಿನ ಒಂದು ಚಕ್ರ ಒಮ್ಮೆ ಮುರಿದು ಬಂತು, ಸ್ಕ್ರೂ ಬಿಚ್ಚಿ ಬೇರೆ ಹಾಕಿದೆ. ಒಮ್ಮೆ ಹಿಮ ಬೀಳುವ ಕಡೆಯಿಂದ ಬಂದ ತಮ್ಮ, ಕೋಣೆಗೆ ಕಾಲಿಟ್ಟ ತಕ್ಷಣ ಕೇಸ್ ತೆರೆದು, ತಣ್ಣನೆ ಬ್ಯಾರೆಲ್ ಮೇಲೆ ನೀರು ಬೆವರಿದ್ದನ್ನು ಒರೆಸಿ ಒರೆಸಿ ಸಾಕಾದರು. ಈಗ ಕೇಸನ್ನು ಮುಚ್ಚಿದ ಹಾಗೇ ಕೆಲವು ಗಂಟೆ ಬಿಟ್ಟು ಆಮೇಲೆ ತೆರೆಯುತ್ತಾರೆ.

ಫೋಮ್ ಶಾಶ್ವತ ಅಲ್ಲ. ಸರ್ವಿಸ್‌ಗೆ ಗನ್ ಬಂದಾಗ ಕೇಸೂ ಬರಬೇಕು ಅಂತ ಇಬ್ಬರಿಗೂ ಹೇಳಿದ್ದೇನೆ. ಸೀಮೆಸುಣ್ಣ ಹಾಕಿ ನೋಡುತ್ತೇನೆ, ಗುರುತು ಮಸುಕಾದ ಕಡೆ ಪದರ ಬದಲಿಸುತ್ತೇನೆ. ತಮ್ಮ ಈಗ ಒಂದು ಸೆಮಿ-ಆಟೊ, ಅಂದರೆ ಹೊಡೆದ ಮೇಲೆ ಮುಂದಿನ ತೋಟಾ ತಾನಾಗಿ ತುಂಬಿಕೊಳ್ಳುವ ಒಂಟಿ ಬ್ಯಾರೆಲ್ ಶಾಟ್‌ಗನ್, ಕೊಳ್ಳುವ ಯೋಚನೆಯಲ್ಲಿದ್ದಾರೆ, ಅದನ್ನೂ ಇದೇ ಕೇಸಿಗೆ ಹಾಕಬಹುದಾ ಅಂತ ಕೇಳುತ್ತಿದ್ದಾರೆ. ಸೆಮಿ-ಆಟೊದಲ್ಲಿ ಬ್ಯಾರೆಲ್ ತೆಗೆದರೂ ತೋಟಾ ತುಂಬುವ ಕೊಳವೆ ಸ್ಟಾಕ್ ಜೊತೆಗೇ ಉಳಿಯುತ್ತದೆ, ಆ ಭಾಗವೇ ಓವರ್-ಅಂಡರ್ ಸ್ಟಾಕಿಗಿಂತ ಬಹಳ ಉದ್ದ. ಅದರ ಮುಂದೆ ಅದೇ ಸಾಲಿನಲ್ಲಿ ಫೋರ್‌ಎಂಡ್ ಇಡಲು ಜಾಗ ಉಳಿಯುವುದಿಲ್ಲ. ಗನ್ ಬರಲಿ, ಅಳತೆ ತೆಗೆದು ಹೇಳುತ್ತೇನೆ, ಅಲ್ಲಿವರೆಗೆ ಕೇಸ್ ಕೊಳ್ಳಬೇಡಿ ಅಂದಿದ್ದೇನೆ.